ಸೇರನ್ನು ಅಳೆಯುವ ಸೇರು



ಮುಂಜಾನೆ ಎದ್ದು ಪೂರ್ವಾಭಿಮುಖವಾಗಿ ನಿಂತಾಗ ತಮ್ಮ ಮುಖದ ಮೇಲೆ ಬೀಳುವ ಬಿಸಿಲು, ತಮ್ಮ ಅಜ್ಜನ ಮುಖದ ಮೇಲೆ ಬಿದ್ದ ಬಿಸಿಲಿನಷ್ಟೇ ಇದೆಯೇ, ಕೊಂಚ ಹೆಚ್ಚಿದೆಯೇ, ಅಥವಾ ಕಡಿಮೆಯಾಗಿದೆಯೇ ಎಂದು ತಾವು ಎಂದಾದರೂ ಯೋಚಿಸಿದ್ದುಂಟೇ? “ಬಿಸಿಲು ಮೊದಲಿನಂತಿಲ್ಲ” ಎಂಬ ಮಾತನ್ನು ಊರಿನ ಕಟ್ಟೆಯ ಮೇಲೆ ಹಿರಿಯರು ಆಡುವುದನ್ನು ತಾವೂ ಕೇಳಿರುವಿರಿ. ನಾನೂ ಈಗ ಆ ಹಿರಿಯರ ಸಾಲಿನಲ್ಲಿ ಕುಳಿತವನೇ. ಆದರೆ ನೆನಪು ಅಳತೆಯ ಮಾನವಲ್ಲ. ಐವತ್ತು ವರ್ಷದ ಹಿಂದಿನ ಬಿಸಿಲನ್ನು ಇಂದಿನ ಬಿಸಿಲಿನೊಡನೆ ಹೋಲಿಸಬೇಕಾದರೆ, ಆ ಐವತ್ತು ವರ್ಷವೂ ಬದಲಾಗದೆ ಉಳಿದ ಒಂದು ಅಳತೆಗೋಲು ಬೇಕು. ಅಂಥದೊಂದು ಅಳತೆಗೋಲನ್ನು ಹುಡುಕುತ್ತ ಹೋದವರ ಕಥೆಯನ್ನೂ, ಅದರ ನಡುವೆ ನಾನು ಮಾಡಿದ ಒಂದು ತಪ್ಪನ್ನೂ ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದು ಈ ಬರಹಕ್ಕೆ ಕೈ ಹಾಕಿದ್ದೇನೆ.

ನಾನು ಶ್ರೀಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಬೆಳೆದವನು. ಮುಂದೆ ಒಂದು ಹೈಸ್ಕೂಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಶಿಕ್ಷಕನಾಗಿದ್ದು ನಿವೃತ್ತನಾದೆನು. ಪ್ರಸಾದನಿಲಯದಲ್ಲಿದ್ದ ದಿನಗಳಲ್ಲಿ ಸರದಿಯ ಮೇಲೆ ಉಗ್ರಾಣದ ಕೆಲಸ ನಮಗೆ ಬರುತ್ತಿತ್ತು. ಅಲ್ಲಿ ಜೋಳ, ಅಕ್ಕಿ, ಬೇಳೆಗಳನ್ನು ಅಳೆದುಕೊಡಲು ಒಂದು ಹಿತ್ತಾಳೆಯ ಸೇರು ಇತ್ತು. ನೂರಾರು ಮಂದಿಯ ದಾಸೋಹಕ್ಕೆ ದಿನಕ್ಕೆರಡು ಸಲ ಅಳೆದು ಅಳೆದು ಅದರ ಕಂಠ ಸವೆದಿತ್ತು. ಕೈತಪ್ಪಿ ಬಿದ್ದು ಹೊಟ್ಟೆ ಅಲ್ಲಲ್ಲಿ ನೆಗ್ಗಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದ ಅಜ್ಜನವರು ಪೆಟ್ಟಿಗೆಯ ತಳದಲ್ಲಿ ಮಡಿಬಟ್ಟೆಯಲ್ಲಿ ಸುತ್ತಿದ ಮತ್ತೊಂದು ಸೇರನ್ನು ಇಟ್ಟಿದ್ದರು. ವರ್ಷಕ್ಕೊಮ್ಮೆ, ದೀಪಾವಳಿಯ ಲೆಕ್ಕದ ಪೂಜೆಯ ಹಿಂದಿನ ದಿನ, ಅದನ್ನು ಹೊರತೆಗೆದು, ಬಳಕೆಯ ಸೇರಿನಲ್ಲಿ ತುಂಬಿದ ಜೋಳವನ್ನು ಅದಕ್ಕೆ ಸುರಿದು, ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂಬುದನ್ನು ವಹಿಯಲ್ಲಿ ಬರೆದು, ಮತ್ತೆ ಸುತ್ತಿ ಇಡುತ್ತಿದ್ದರು. ಇಷ್ಟು ಚೆನ್ನಾದ ಸೇರನ್ನು ದಿನವೂ ಏಕೆ ಬಳಸಬಾರದೆಂದು ನಾನೊಮ್ಮೆ ಕೇಳಿದೆನು. ಅಜ್ಜನವರು ನಕ್ಕು, “ದಿನಾ ಬಳಸಿದ್ರ ಇದೂ ಅದರಂಗ ಆಗ್ತೈತಿ ತಮ್ಮಾ. ಆಮ್ಯಾಲ ಅದನ್ನ ಯಾವುದರಿಂದ ಅಳೀತಿ?” ಎಂದರು. ಆ ಮಾತಿನ ತೂಕ ನನಗೆ ತಿಳಿಯಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಈಗ ಸೂರ್ಯನ ಕಡೆಗೆ ಬರೋಣ. ಭೂಮಿಯು ಸೂರ್ಯನಿಂದ ತನ್ನ ಸರಾಸರಿ ದೂರದಲ್ಲಿರುವಾಗ, ವಾಯುಮಂಡಲದ ಹೊರಗೆ, ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರು ಹರವಿನ ಮೇಲೆ ಬೀಳುವ ಶಕ್ತಿಯನ್ನು ವಿಜ್ಞಾನಿಗಳು ಬಹುಕಾಲದಿಂದ ‘ಸೌರ ಸ್ಥಿರಾಂಕ’ ಎಂದು ಕರೆಯುತ್ತ ಬಂದಿದ್ದಾರೆ. ಇಂದಿನ ಅಳತೆಯಂತೆ ಅದು ಸುಮಾರು 1361 ವ್ಯಾಟ್. ಹಿಂದಿನ ಪುಸ್ತಕಗಳ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು 1.95 ಕ್ಯಾಲೊರಿ. ಹೆಸರೇನೋ ಸ್ಥಿರಾಂಕ, ಆದರೆ ಅದು ನಿಜವಾಗಿಯೂ ಸ್ಥಿರವೇ ಎಂಬ ಪ್ರಶ್ನೆಗೆ ಆ ಹೆಸರಿನಿಂದ ಉತ್ತರ ದೊರೆಯುವುದಿಲ್ಲ.

ಈ ಪ್ರಮಾಣವನ್ನು ಮೊತ್ತಮೊದಲು ಕ್ರಮಬದ್ಧವಾಗಿ ಅಳೆದವರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಕ್ಲೋಡ್ ಪುಯೆ ಪ್ರಮುಖನು. 1830ರ ದಶಕದ ಕೊನೆಯಲ್ಲಿ ಆತ ಬಳಸಿದ ಉಪಕರಣ ಅತಿ ಸರಳವಾದುದು. ನೀರು ತುಂಬಿದ ಚಪ್ಪಟೆ ಡಬ್ಬಿ, ಅದರ ಒಂದು ಮುಖಕ್ಕೆ ಬಳಿದ ಕಪ್ಪು, ಒಳಗೆ ಒಂದು ಉಷ್ಣಮಾಪಕ; ಇಷ್ಟೇ. ಅದಕ್ಕೆ ಆತ ಪೈರ್‌ಹೀಲಿಯೋಮೀಟರು ಎಂದು ಹೆಸರಿಟ್ಟನು. ಡಬ್ಬಿಯನ್ನು ಸೂರ್ಯನಿಗೆ ನೇರವಾಗಿ ಹಿಡಿದು, ಐದು ನಿಮಿಷದಲ್ಲಿ ನೀರು ಎಷ್ಟು ಬಿಸಿಯಾಯಿತೆಂದು ನೋಡಿ, ವಾಯುಮಂಡಲ ನುಂಗಿದ ಪಾಲನ್ನು ಲೆಕ್ಕ ಹಾಕಿ ಸೇರಿಸಿ, ಆತ ಪಡೆದ ಉತ್ತರ 1.76 ಕ್ಯಾಲೊರಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಒಂದು ಡಬ್ಬಿ ನೀರಿನಿಂದ ಸೂರ್ಯನ ಸಂಪತ್ತನ್ನು ಹತ್ತರಲ್ಲಿ ಒಂದು ಪಾಲಿನ ತಪ್ಪಿನೊಳಗೆ ಎಣಿಸಿದ ಆ ಬುದ್ಧಿಗೆ ನಾನು ಮಾರುಹೋದೆನು.

ಆದುದರಿಂದ 1976ರಲ್ಲಿ ನಾನೂ ಅಂಥದೇ ಒಂದು ಡಬ್ಬಿಯನ್ನು ಮಾಡಿಸಿದೆನು. ಹನ್ನೊಂದು ಸೆಂಟಿಮೀಟರು ವ್ಯಾಸದ ತಗಡಿನ ಡಬ್ಬಿ. ಚಿಮಣಿಯ ಕಾಡಿಗೆಯನ್ನು ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಕಲಸಿ ಅದರ ಮುಖಕ್ಕೆ ಬಳಿದದ್ದು. ಪ್ರತಿವರ್ಷ ಜನವರಿ 26ರಂದು ಧ್ವಜವಂದನೆ ಮುಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಶಾಲೆಯ ಮೈದಾನದಲ್ಲಿ ಮಕ್ಕಳೆಲ್ಲರ ಎದುರಿಗೆ ಈ ಪ್ರಯೋಗ ನಡೆಯುತ್ತಿತ್ತು. ದಿನಾಂಕವನ್ನು ಬದಲಿಸದಿರಲು ಕಾರಣವುಂಟು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ. ಜನವರಿಯ ಮೊದಲ ವಾರದಲ್ಲಿ ನಾವು ಸೂರ್ಯನಿಗೆ ಅತ್ಯಂತ ಸಮೀಪವಾಗಿಯೂ ಜುಲೈ ಮೊದಲ ವಾರದಲ್ಲಿ ಅತ್ಯಂತ ದೂರವಾಗಿಯೂ ಇರುವೆವು. ಈ ಅಂತರದಿಂದಲೇ ಬರುವ ಬಿಸಿಲಿನಲ್ಲಿ ಶೇಕಡಾ 7ರ ಸಮೀಪ ವ್ಯತ್ಯಾಸವಾಗುತ್ತದೆ. ಅದೇ ದಿನ, ಅದೇ ಹೊತ್ತು, ಅದೇ ಡಬ್ಬಿ, ಅದೇ ಉಷ್ಣಮಾಪಕ, ಅಷ್ಟೇ ನೀರು. ಇಷ್ಟೆಲ್ಲ ಒಂದೇ ಆಗಿರುವಾಗ ಉತ್ತರದಲ್ಲಿ ವ್ಯತ್ಯಾಸ ಬಂದರೆ ಅದು ಸೂರ್ಯನದೇ ಆಗಿರಬೇಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಮೊದಲ ವರ್ಷ ಐದು ನಿಮಿಷಕ್ಕೆ ನೀರು ಬಿಸಿಯಾದದ್ದು 3.3 ಡಿಗ್ರಿ. ವರ್ಷಗಳು ಕಳೆದಂತೆ ಈ ಅಂಕಿ ಮೆಲ್ಲಮೆಲ್ಲನೆ ಇಳಿಯಿತು. 1986ರಲ್ಲಿ ಅದು 3.0 ಆಗಿತ್ತು. ಹನ್ನೊಂದು ಅಂಕಿಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸಿ ಗೆರೆ ಎಳೆದಾಗ ಅದು ಇಳಿಜಾರಿನ ಗೆರೆಯಾಗಿ ಕಂಡಿತು. ನನ್ನ ಹೃದಯ ಹಿಗ್ಗಿತು. ಹತ್ತು ವರ್ಷಗಳಲ್ಲಿ ಸೂರ್ಯನ ತೇಜಸ್ಸು ಶೇಕಡಾ 9ರಷ್ಟು ಕುಂದಿದೆ ಎಂದು ಆ ವರ್ಷದ ಗಣರಾಜ್ಯೋತ್ಸವದಂದು ಸಭೆಯಲ್ಲಿ ಘೋಷಿಸಿಯೇಬಿಟ್ಟೆನು. ಊರಿನ ಹಿರಿಯರು ಚಪ್ಪಾಳೆ ತಟ್ಟಿದರು. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ನನ್ನ ಲೇಖನವೂ ಅಚ್ಚಾಯಿತು.

ಆ ಸಭೆ ಮುಗಿದ ಮೇಲೆ, ಸಾಮಾನುಗಳನ್ನು ಒಳಗಿಡುತ್ತಿದ್ದಾಗ, ಹತ್ತನೆಯ ತರಗತಿಯ ಒಬ್ಬ ಹುಡುಗ ಹತ್ತಿರ ಬಂದನು. ಆ ಊರಿನಲ್ಲಿದ್ದ ಶ್ರೀಮಠದ ಶಾಖೆಯ ಪ್ರಸಾದನಿಲಯದಲ್ಲಿದ್ದವನು, ಮಾತು ಕಡಿಮೆ. ಡಬ್ಬಿಯನ್ನು ತಿರುಗಿಸಿ ನೋಡುತ್ತ, “ಸರ, ಇದರ ಕಪ್ಪು ಮಾಸೇತ್ರಿ. ಬಿಸಿಲ ಕಡಿಮಿ ಆತೋ, ಡಬ್ಬೀನ ಬಿಸಿಲ ಕುಡಿಯೂದು ಬಿಟ್ಟತೋ?” ಎಂದು ಕೇಳಿದನು. ಉಳಿದ ಹುಡುಗರು ಕಿಸಕ್ಕನೆ ನಕ್ಕರು. ಅವರು ನಕ್ಕದ್ದು ಅವನ ಮಾತಿಗೋ ನನ್ನ ಸ್ಥಿತಿಗೋ ತಿಳಿಯದೆ ನನಗೆ ಸಿಟ್ಟು ಬಂದಿತು. “ಮೊದಲು ಪಾಠ ಓದು, ಸೂರ್ಯನ ಮಾತು ಆಮೇಲೆ” ಎಂದು ಎಲ್ಲರೆದುರಿಗೆ ಗದರಿಸಿ ಕಳಿಸಿದೆನು. ಅವನು ಮತ್ತೆ ತುಟಿ ಬಿಚ್ಚಲಿಲ್ಲ. ಮಾರ್ಚಿಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಊರು ಬಿಟ್ಟು ಹೋದನು.

ಮರುವರ್ಷ ಡಬ್ಬಿಯ ಬೆಸುಗೆ ಸೋರತೊಡಗಿದುದರಿಂದ ಅದೇ ಅಳತೆಯ ಹೊಸದೊಂದನ್ನು ಮಾಡಿಸಿ, ಹೊಸದಾಗಿ ಕಪ್ಪು ಬಳಿದು, ಹಳೆಯದನ್ನೂ ಬೆಸೆಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಬಿಸಿಲಿಗೆ ಹಿಡಿದೆನು. ಅದು 1987ರ ಜನವರಿ 26. ಹಳೆಯ ಡಬ್ಬಿ 3.0 ಎಂದಿತು, ಹೊಸದು 3.3 ಎಂದಿತು. ಒಂದೇ ಸೂರ್ಯ, ಒಂದೇ ಮೈದಾನ, ಒಂದೇ ಹೊತ್ತು. ಹನ್ನೊಂದು ವರ್ಷ ನಾನು ಅಳೆದದ್ದು ಸೂರ್ಯನನ್ನಲ್ಲ, ಡಬ್ಬಿಯ ಮುಖದ ಕಾಡಿಗೆ ಮಾಸುವುದನ್ನು! ಉಗ್ರಾಣದ ಅಜ್ಜನವರು ಅಂದು ನಕ್ಕದ್ದು ನನಗೆ ಆ ಕ್ಷಣ ಕಣ್ಣಿಗೆ ಕಟ್ಟಿತು.

ವಾಚಕರೇ, ಇಲ್ಲಿಯ ತನಕದ್ದು ಅಜ್ಞಾನ, ಅದಕ್ಕೆ ಕ್ಷಮೆಯುಂಟು. ಮುಂದಿನದು ನನ್ನ ತಪ್ಪು. ಆ ದಿನ ಮಕ್ಕಳಿಗೆ ನಾನು ನಿಜ ಹೇಳಲಿಲ್ಲ. “ಈ ವರ್ಷ ಮೋಡದ ತೆಳುಪರದೆ ಇದೆ, ಪ್ರಯೋಗ ಸರಿಯಾಗಲಿಲ್ಲ” ಎಂದು ಹೇಳಿ ಎರಡೂ ಡಬ್ಬಿಗಳನ್ನು ಕಪಾಟಿಗೆ ಸೇರಿಸಿದೆನು. ಸಂಚಿಕೆಯಲ್ಲಿ ಅಚ್ಚಾದ ಲೇಖನಕ್ಕೆ ತಿದ್ದುಪಡಿಯನ್ನೂ ಬರೆಯಲಿಲ್ಲ. ಬರೆದಿದ್ದರೆ ನನ್ನ ಗೌರವ ಹೋಗುತ್ತಿತ್ತೆಂದು ಆಗ ಎಣಿಸಿದ್ದೆನು.

ಮುಂದೆ ಈ ವಿಷಯದ ಪುಸ್ತಕಗಳನ್ನು ಓದತೊಡಗಿದಾಗ, ನನಗಿಂತ ಸಾವಿರ ಪಾಲು ದೊಡ್ಡವರೂ ಇದೇ ಕಾಲುದಾರಿಯಲ್ಲಿ ಎಡವಿದ್ದರೆಂಬುದು ತಿಳಿಯಿತು. ಅಮೆರಿಕದ ಸ್ಯಾಮ್ಯುಯಲ್ ಲ್ಯಾಂಗ್ಲಿ ಅತಿ ಸೂಕ್ಷ್ಮ ಶಾಖವನ್ನೂ ಗುರುತಿಸಬಲ್ಲ ಬೋಲೋಮೀಟರು ಎಂಬ ಉಪಕರಣವನ್ನು ನಿರ್ಮಿಸಿ, 1881ರಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಟ್ನಿ ಪರ್ವತಕ್ಕೆ ಹೊತ್ತೊಯ್ದನು. ಉಪಕರಣ ಉತ್ತಮವಾಗಿತ್ತು, ಆದರೆ ಗಾಳಿ ನುಂಗಿದ ಪಾಲನ್ನು ಸೇರಿಸುವ ಲೆಕ್ಕದಲ್ಲಿ ದೋಷವಿದ್ದುದರಿಂದ ಆತನಿಗೆ ದೊರೆತ ಉತ್ತರ ಸುಮಾರು 3 ಕ್ಯಾಲೊರಿ, ನಿಜಕ್ಕಿಂತ ಅರ್ಧದಷ್ಟು ಹೆಚ್ಚು. ಆತನ ಉತ್ತರಾಧಿಕಾರಿ ಚಾರ್ಲ್ಸ್ ಗ್ರೀಲಿ ಆ್ಯಬಟ್ ಆ ದೋಷವನ್ನು ತಿದ್ದಿ, ಇಂದಿನ ಬೆಲೆಗೆ ಅತ್ಯಂತ ಸಮೀಪವಾದ ಬೆಲೆಯನ್ನು ಪಡೆದನು. ಅಷ್ಟಕ್ಕೇ ನಿಲ್ಲದೆ, ಸೂರ್ಯನು ದಿನದಿನಕ್ಕೂ ಬದಲಾಗುತ್ತಾನೆಯೇ ಎಂಬುದನ್ನು ತಿಳಿಯಲು ಜೀವಮಾನವನ್ನೇ ಮುಡಿಪಿಟ್ಟನು. ಒಣಹವೆಯ ನಿರ್ಜನ ಪರ್ವತಗಳನ್ನು ಹುಡುಕಿ ಕ್ಯಾಲಿಫೋರ್ನಿಯ, ಚಿಲಿ, ನೈಋತ್ಯ ಆಫ್ರಿಕ, ಸಿನಾಯ್‌ಗಳಲ್ಲಿ ವೀಕ್ಷಣಾಕೇಂದ್ರಗಳು ಸ್ಥಾಪಿತವಾದವು. ದಶಕಗಳ ಕಾಲ ಅಲ್ಲಿ ಅಳತೆ ನಡೆಯಿತು. ಸೂರ್ಯನ ಶಕ್ತಿ ಬದಲಾಗುತ್ತದೆ, ಅದರಿಂದ ಹವೆಯನ್ನು ಮುಂಚಿತವಾಗಿ ಹೇಳಬಹುದು ಎಂದು ಆ್ಯಬಟ್ ಕೊನೆಯವರೆಗೂ ನಂಬಿದ್ದನು. 1872ರಲ್ಲಿ ಜನಿಸಿ 1973ರಲ್ಲಿ, ನೂರೊಂದು ವರ್ಷ ಬಾಳಿ ಆತ ತೀರಿಕೊಂಡನು. ಆದರೆ ಆತ ಕಂಡ ಏರಿಳಿತಗಳ ಬಹುಭಾಗ ನಮ್ಮ ಗಾಳಿಯ ಆವಿ ಧೂಳುಗಳದೇ ಹೊರತು ಸೂರ್ಯನದಲ್ಲವೆಂದು ಮುಂದಿನ ಪರಿಶೀಲನೆಯಿಂದ ತಿಳಿದುಬಂದಿತು.

ಗಾಳಿಯ ಆಟ ಎಷ್ಟು ದೊಡ್ಡದೆಂಬುದಕ್ಕೆ ಒಂದೇ ಉದಾಹರಣೆ ಸಾಕು. 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್, 1991ರಲ್ಲಿ ಫಿಲಿಪೈನ್ಸಿನ ಪಿನಟುಬೊ ಜ್ವಾಲಾಮುಖಿಗಳು ಸ್ಫೋಟಿಸಿದಾಗ ಅವುಗಳ ಗಂಧಕದ ಹೊಗೆ ಆಕಾಶದ ಎತ್ತರದ ಪದರಕ್ಕೇರಿ ಜಗತ್ತನ್ನೇ ಸುತ್ತಿತು. ತಿಂಗಳುಗಟ್ಟಲೆ ನೇರ ಬಿಸಿಲು ಎಲ್ಲೆಡೆ ಕುಗ್ಗಿತು. ಸೂರ್ಯನಿಗೆ ಮಾತ್ರ ಏನೂ ಆಗಿರಲಿಲ್ಲ. ಆದುದರಿಂದ ಸೂರ್ಯನನ್ನು ಅಳೆಯಬೇಕಾದವನು ಗಾಳಿಯ ಆಚೆಗೆ ಹೋಗಲೇಬೇಕು.

ಆ ಕಾಲ 1978ರಲ್ಲಿ ಕೂಡಿಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಹಾರಿದ ನಿಂಬಸ್-7 ಉಪಗ್ರಹದಿಂದ ಮೊದಲ್ಗೊಂಡು ಇಂದಿನವರೆಗೆ ಆಕಾಶದಿಂದ ಸೂರ್ಯನ ಅಳತೆ ನಡೆದೇ ಇದೆ. 1980ರ ಫೆಬ್ರವರಿಯಲ್ಲಿ ಹಾರಿದ ಸೋಲಾರ್ ಮ್ಯಾಕ್ಸಿಮಮ್ ಮಿಷನ್ ಎಂಬ ಉಪಗ್ರಹದಲ್ಲಿ ರಿಚರ್ಡ್ ವಿಲ್ಸನ್ನರ ‘ಆ್ಯಕ್ರಿಮ್’ ಎಂಬ ಉಪಕರಣವಿತ್ತು. ಅದರ ತತ್ತ್ವ ಕೇಳಿದರೆ ತಮಗೆ ಸಂತೋಷವಾದೀತು. ಒಳಗೆಲ್ಲ ಕಪ್ಪು ಬಳಿದ ಚಿಕ್ಕದೊಂದು ಶಂಕುವಿನಾಕಾರದ ಕುಹರ; ಒಳಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಹೊರಬರಲಾರದೆ ಬಹುತೇಕ ಎಲ್ಲವೂ ಶಾಖವಾಗುತ್ತದೆ. ಬಾಗಿಲು ಮುಚ್ಚಿರುವಾಗ ವಿದ್ಯುತ್ತಿನಿಂದ ಆ ಕುಹರವನ್ನು ಒಂದು ನಿಶ್ಚಿತ ಶಾಖದಲ್ಲಿ ಇಡುತ್ತಾರೆ. ಬಾಗಿಲು ತೆರೆದಾಗ ಸೂರ್ಯನೇ ಬಿಸಿ ಕೊಡುವುದರಿಂದ ಅಷ್ಟು ವಿದ್ಯುತ್ತನ್ನು ಇಳಿಸಬೇಕಾಗುತ್ತದೆ. ಎಷ್ಟು ವಿದ್ಯುತ್ತು ಇಳಿಸಿದರೋ ಅಷ್ಟೇ ಸೂರ್ಯನ ಕೊಡುಗೆ. ನೀರು, ಉಷ್ಣಮಾಪಕಗಳ ಗೊಡವೆಯೇ ಇಲ್ಲ.

ಆದರೆ ಅಲ್ಲಿಯೂ ಕಪ್ಪು ಬಣ್ಣ ಕಪ್ಪು ಬಣ್ಣವೇ! ಗಾಳಿಯ ರಕ್ಷಣೆಯಿಲ್ಲದ ಆಕಾಶದಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಅದನ್ನು ಇನ್ನೂ ಬೇಗ ಕೆಡಿಸುತ್ತವೆ. ಅದಕ್ಕೆ ಅವರು ಕಂಡುಕೊಂಡ ಉಪಾಯವನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು. ಆ ಉಪಕರಣದಲ್ಲಿ ಇದ್ದುದು ಒಂದು ಕುಹರವಲ್ಲ, ಮೂರು. ಮೊದಲನೆಯದು ದಿನವೂ ಸೂರ್ಯನನ್ನು ನೋಡುತ್ತಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ಸೂರ್ಯದರ್ಶನ ಅತಿ ವಿರಳ. ಅವುಗಳ ಬಾಗಿಲನ್ನು ಎಂದೋ ಒಮ್ಮೆ ತೆರೆದು, ಮೊದಲನೆಯದು ಎಷ್ಟು ಮಾಸಿದೆಯೆಂಬುದನ್ನು ಕಂಡುಕೊಂಡು, ಮತ್ತೆ ಮುಚ್ಚುತ್ತಿದ್ದರು. ನಮ್ಮ ಉಗ್ರಾಣದ ಮಡಿಬಟ್ಟೆಯ ಸೇರೇ ಆಕಾಶಕ್ಕೇರಿ ಕುಳಿತಂತಿತ್ತು.

ಹೀಗೆ ಅಳೆದಾಗ ಕಂಡದ್ದೇನು? 1980ರಲ್ಲಿ ದೊಡ್ಡ ಸೌರಕಲೆಗಳ ಗುಂಪುಗಳು ಸೂರ್ಯನ ಮುಖವನ್ನು ಹಾಯ್ದಾಗ ಕೆಲವು ದಿನಗಳ ಮಟ್ಟಿಗೆ ಶಕ್ತಿ ಶೇಕಡಾ 0.2ರಷ್ಟು ಇಳಿದದ್ದು ಸ್ಪಷ್ಟವಾಗಿ ದಾಖಲಾಯಿತು. ಆ ವರ್ಷದ ಕೊನೆಗೆ ಉಪಗ್ರಹದ ದಿಕ್ಕು ಹಿಡಿಯುವ ವ್ಯವಸ್ಥೆ ಕೆಟ್ಟಿತು. 1984ರ ಏಪ್ರಿಲಿನಲ್ಲಿ, ನಮ್ಮ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋಗಿಬಂದ ತಿಂಗಳಲ್ಲಿಯೇ, ಚಾಲೆಂಜರ್ ನೌಕೆಯಲ್ಲಿ ಹೋದವರು ಅದನ್ನು ಆಕಾಶದಲ್ಲಿಯೇ ಹಿಡಿದು ದುರಸ್ತಿ ಮಾಡಿದರು. ಮುಂದಿನ ವರ್ಷಗಳ ಅಳತೆಯಿಂದ ಇನ್ನೊಂದು ವಿಚಿತ್ರ ಗೋಚರಿಸಿತು. ಸೌರಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ; ಇಂಥ ಏರಿಳಿತವಿರುವುದನ್ನು 1843ರಲ್ಲಿ ಜರ್ಮನಿಯ ಹೈನ್‌ರಿಖ್ ಶ್ವಾಬೆ ತಿಳಿಸಿದ್ದನು. ಕಲೆಗಳು ಕಪ್ಪಾದುದರಿಂದ ಅವು ಹೆಚ್ಚಿದ ವರ್ಷ ಸೂರ್ಯ ಮಂಕಾಗಬೇಕಷ್ಟೆ? ಆದರೆ ಆದದ್ದು ವಿಪರೀತ. ಕಲೆಗಳೊಡನೆ ಅವುಗಳ ಸುತ್ತಮುತ್ತ ಉಜ್ಜ್ವಲವಾದ ಪಟ್ಟೆಗಳೂ ಮೂಡುತ್ತವೆ; ಅವು ಹೆಚ್ಚು ಹರವಾಗಿ, ಹೆಚ್ಚು ದಿನ ಬಾಳುವುದರಿಂದ, ಕಲೆಗಳು ಕಸಿದುಕೊಂಡದ್ದಕ್ಕಿಂತ ಹೆಚ್ಚನ್ನು ತುಂಬಿಕೊಡುತ್ತವೆ. ಆದ್ದರಿಂದ ಕಲೆಗಳು ತುಂಬಿದ ಕಾಲದಲ್ಲಿಯೇ ಸೂರ್ಯ ಕೊಂಚ ಹೆಚ್ಚು ಬೆಳಗುತ್ತಾನೆ. ಹೆಚ್ಚಳವೆಷ್ಟು? ಶೇಕಡಾ 0.1ರಷ್ಟು ಮಾತ್ರ. ನನ್ನ ಡಬ್ಬಿಯ ನೀರಿನಲ್ಲಿ ಅದನ್ನು ಕಾಣಬೇಕಾದರೆ ಒಂದು ಡಿಗ್ರಿಯ ಮುನ್ನೂರರಲ್ಲಿ ಒಂದು ಪಾಲನ್ನು ಓದಬೇಕಾಗಿತ್ತು. ಅಷ್ಟೇ ಅಲ್ಲ, ನಾನು ಗೆರೆ ಎಳೆದ ಎರಡು ತುದಿಗಳಾದ 1976 ಮತ್ತು 1986, ಎರಡೂ ಕಲೆಗಳು ಅತ್ಯಂತ ವಿರಳವಾಗಿದ್ದ ವರ್ಷಗಳು. ಅಂದರೆ ಆ ಎರಡು ತುದಿಗಳಲ್ಲಿ ಸೂರ್ಯನು ಹೆಚ್ಚುಕಡಿಮೆ ಒಂದೇ ಸಮನಾಗಿದ್ದನು!

ಇನ್ನು ದೀರ್ಘಕಾಲದ ಬದಲಾವಣೆಯ ಮಾತು. ಇದು ಎಲ್ಲಕ್ಕಿಂತ ಕಠಿಣವಾದುದು. ನೂರು ವರ್ಷಗಳಲ್ಲಿ ಆಗುವ ಶೇಕಡಾ 0.1ರ ಬದಲಾವಣೆಯನ್ನು ಹಿಡಿಯಬೇಕಾದರೆ ಉಪಕರಣವು ದಶಕಕ್ಕೆ ಶೇಕಡಾ 0.01ರಷ್ಟೂ ಅಲುಗಬಾರದು. ಯಾವ ಉಪಗ್ರಹವೂ ನೂರು ವರ್ಷ ಬದುಕುವುದಿಲ್ಲ. ಆದುದರಿಂದ ಒಂದರ ಅಳತೆಯನ್ನು ಮತ್ತೊಂದಕ್ಕೆ ಜೋಡಿಸಬೇಕು. ಜೋಡಣೆಗೆ ಹಳೆಯದೂ ಹೊಸದೂ ಕೆಲಕಾಲ ಜೊತೆಗೂಡಿ ಸೂರ್ಯನನ್ನು ನೋಡಬೇಕು. ಹಳೆಯ ಪಾರುಪತ್ಯಗಾರನು ಹೊಸಬನಿಗೆ ಎದುರು ನಿಂತು ಬೀಗದ ಕೈ ಒಪ್ಪಿಸಬೇಕಲ್ಲವೇ? ಹಾಗೆ. ಆದರೆ 1986ರಲ್ಲಿ ಚಾಲೆಂಜರ್ ನೌಕೆ ಏಳು ಮಂದಿಯೊಡನೆ ಸುಟ್ಟುಹೋದ ದುರಂತದಿಂದ ಮುಂದಿನ ಉಡಾವಣೆಗಳು ಹಿಂದೆ ಬಿದ್ದವು. 1989ರಲ್ಲಿ ಮೊದಲ ಆ್ಯಕ್ರಿಮ್ ಮುಗಿದಾಗ ಎರಡನೆಯದು ಇನ್ನೂ ನೆಲದ ಮೇಲಿತ್ತು; ಅದು ಹಾರಿದ್ದು 1991ರ ಸೆಪ್ಟೆಂಬರಿನಲ್ಲಿ. ನಡುವಿನ ಎರಡು ವರ್ಷಕ್ಕೆ ಅಷ್ಟು ನಿಖರವಲ್ಲದ ಬೇರೆ ಉಪಕರಣಗಳನ್ನೇ ನೆಚ್ಚಬೇಕಾಯಿತು. ಆ ಎರಡು ವರ್ಷದಲ್ಲಿ ನಿಂಬಸ್-7ರ ಅಳತೆ ತಾನೇ ಜಾರಿತೇ ಇಲ್ಲವೇ ಎಂಬುದರ ಮೇಲೆ ದೊಡ್ಡ ವಾದವೆದ್ದಿತು. ಜಾರಲಿಲ್ಲವೆಂದರೆ 1986ರಿಂದ 1996ಕ್ಕೆ ಸೂರ್ಯನು ಅತ್ಯಲ್ಪವಾಗಿ ಏರಿದಂತೆ. ಇದು ವಿಲ್ಸನ್ನರ ಪಕ್ಷ. ಜಾರಿತೆಂದು ತಿದ್ದಿದರೆ ಏರಿಕೆಯೇ ಇಲ್ಲ. ಇದು ಸ್ವಿಟ್ಜರ್ಲೆಂಡಿನ ಡಾವೋಸ್‌ನ ಕ್ಲಾಸ್ ಫ್ರೋಲಿಖ್ ಅವರ ಪಕ್ಷ. ನನ್ನ ಮೈದಾನದ ಹುಡುಗನ ಪ್ರಶ್ನೆಯೇ ಜಗತ್ತಿನ ಪಂಡಿತರ ನಡುವೆ ವರ್ಷಾನುಗಟ್ಟಲೆ ನಡೆದುದನ್ನು ತಾವು ಗಮನಿಸಬೇಕು: ಬದಲಾದದ್ದು ಸೂರ್ಯನೋ, ಡಬ್ಬಿಯೋ?

2003ರ ಜನವರಿಯಲ್ಲಿ ಹಾರಿದ ಸೋರ್ಸ್ ಎಂಬ ಉಪಗ್ರಹ ಇನ್ನೊಂದು ಆಘಾತವನ್ನು ನೀಡಿತು. ಅಲ್ಲಿಯವರೆಗೆ ಎಲ್ಲರೂ ಒಪ್ಪಿದ್ದ ಬೆಲೆ ಸುಮಾರು 1366 ವ್ಯಾಟ್. ಸೋರ್ಸ್ ತೋರಿಸಿದ್ದು 1361. ಐದು ವ್ಯಾಟ್ ವ್ಯತ್ಯಾಸವೆಂದರೆ ಹನ್ನೊಂದು ವರ್ಷದ ಏರಿಳಿತದ ಮೂರು ಪಟ್ಟಿಗಿಂತಲೂ ಹೆಚ್ಚು. ಹೊಸದೇ ತಪ್ಪಿರಬೇಕೆಂದು ಹಲವರು ಭಾವಿಸಿದರು. ಕೊಲರಾಡೋದಲ್ಲಿ ಇದಕ್ಕಾಗಿಯೇ ಒಂದು ಪರೀಕ್ಷಾಶಾಲೆಯನ್ನು ಕಟ್ಟಿ ಹಳೆಯ ಮಾದರಿಯ ಉಪಕರಣಗಳನ್ನು ಪರೀಕ್ಷಿಸಿದಾಗ ಕಾರಣ ಹೊರಬಿದ್ದಿತು. ಹಳೆಯವುಗಳಲ್ಲಿ ಅಳತೆಯ ಕಿಂಡಿ ಒಳಗಡೆ, ಅದಕ್ಕಿಂತ ದೊಡ್ಡ ಬಾಯಿ ಹೊರಗಡೆ ಇದ್ದುದರಿಂದ, ಅಂಚುಗಳಿಗೆ ತಗುಲಿ ಚದುರಿದ ಬೆಳಕು ಕುಹರದೊಳಗೆ ನುಸುಳುತ್ತಿತ್ತು. ಸೋರ್ಸ್‌ನಲ್ಲಿ ಅಳತೆಯ ಕಿಂಡಿಯೇ ಮುಂದಿತ್ತು. 2011ರಲ್ಲಿ ಗ್ರೆಗ್ ಕಾಪ್ ಮತ್ತು ಜುಡಿತ್ ಲೀನ್ ಇದನ್ನು ವಿವರಿಸಿ ಪ್ರಕಟಿಸಿದರು. 2015ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 1361ನ್ನೇ ಅಂಗೀಕರಿಸಿತು. ಕಾಲು ಶತಮಾನ ಪುಸ್ತಕಗಳಲ್ಲಿದ್ದ ಅಂಕಿಯನ್ನು ಅದರ ಪಂಡಿತರೇ ಎಲ್ಲರೆದುರಿಗೆ ತಿದ್ದಿಕೊಂಡರು. ಅದರಿಂದ ಅವರ ಗೌರವವೇನೂ ಹೋಗಲಿಲ್ಲ.

ಸೋರ್ಸ್‌ಗೆ ಉತ್ತರಾಧಿಕಾರಿಯಾಗಬೇಕಿದ್ದ ಗ್ಲೋರಿ 2011ರ ಮಾರ್ಚಿಯಲ್ಲಿ ಕಕ್ಷೆ ಸೇರದೆ ನಾಶವಾಯಿತು. 2013ರಲ್ಲಿ ಸೋರ್ಸ್‌ನ ಬ್ಯಾಟರಿಯೂ ಸೋತಿತು. ಆದರೆ ಆ ವರ್ಷದ ಕೊನೆಯಲ್ಲಿ ಬೇರೊಂದು ಉಪಕರಣವನ್ನು ಹಾರಿಸಿ, ಸೋತ ಸೋರ್ಸನ್ನೂ ಕೆಲವು ದಿನ ಎಚ್ಚರಿಸಿ, ಎರಡನ್ನೂ ಜೊತೆಗೆ ಅಳೆಸಿ ಕೊಂಡಿ ಕಳಚದಂತೆ ಉಳಿಸಿಕೊಂಡರು. 2017ರ ಡಿಸೆಂಬರಿನಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಟಿಸಿಸ್-1 ಎಂಬುದು ಹೋಯಿತು. ಅದರೊಡನೆ ಎರಡು ವರ್ಷ ಜೊತೆಗೂಡಿ ಅಳೆದ ಮೇಲೆಯೇ, 2020ರ ಫೆಬ್ರವರಿಯಲ್ಲಿ, ಸೋರ್ಸ್‌ಗೆ ವಿಶ್ರಾಂತಿ ದೊರೆಯಿತು.

1978ಕ್ಕೆ ಹಿಂದಿನ ಸೂರ್ಯನ ವಿಷಯ? ಅದಕ್ಕೆ ಪರೋಕ್ಷ ಸಾಕ್ಷ್ಯವೇ ಗತಿ. ದೂರದರ್ಶಕ ಬಂದ 1610ರ ಸುಮಾರಿನಿಂದ ಸೌರಕಲೆಗಳ ಎಣಿಕೆ ಇದೆ. 1645ರಿಂದ 1715ರವರೆಗೆ ಕಲೆಗಳು ಬಹುಮಟ್ಟಿಗೆ ಮಾಯವಾಗಿದ್ದವು. ಇನ್ನೂ ಹಿಂದಕ್ಕೆ ಹೋದರೆ ಮರಗಳ ವಾರ್ಷಿಕ ಉಂಗುರಗಳಲ್ಲಿಯ ಇಂಗಾಲ-14, ಧ್ರುವಪ್ರದೇಶದ ಹಿಮದಲ್ಲಿಯ ಬೆರಿಲಿಯಂ-10 ಇವೆರಡೂ ಸೂರ್ಯನ ಚಟುವಟಿಕೆಯ ಸುಳಿವನ್ನು ಸಾವಿರಾರು ವರ್ಷಗಳಿಂದ ಕಾಯ್ದಿಟ್ಟಿವೆ. ಈ ಕೆಲಸದಲ್ಲಿ ನಮ್ಮ ನೆಲದ ಪಾಲೂ ಇದೆಯೆಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 20ನೆಯ ಶತಮಾನದ ಮೊದಲ ದಶಕದಿಂದ ದಿನದಿನವೂ ತೆಗೆದ ಸೂರ್ಯನ ಚಿತ್ರಗಳಿವೆ. ಕಲೆಗಳನ್ನೂ ಉಜ್ಜ್ವಲ ಪಟ್ಟೆಗಳನ್ನೂ ಅವುಗಳಿಂದ ಎಣಿಸಿ ಹಿಂದಿನ ಸೂರ್ಯನನ್ನು ಲೆಕ್ಕಕ್ಕೆ ತರಲು ಜಗತ್ತಿನ ವಿದ್ವಾಂಸರು ಆ ಚಿತ್ರಗಳನ್ನು ಇಂದು ಬಳಸುತ್ತಾರೆ. ನೂರು ವರ್ಷದ ಹಿಂದೆ ಗಾಜಿನ ಫಲಕವನ್ನು ಮುಂಜಾನೆಯೇ ಸಿದ್ಧಪಡಿಸಿ, ಚಿತ್ರ ತೆಗೆದು, ದಿನಾಂಕ ಬರೆದಿಟ್ಟವರಿಗೆ ಈ ಉಪಯೋಗದ ಕಲ್ಪನೆಯೂ ಇದ್ದಿರಲಾರದು.

ಇಷ್ಟೆಲ್ಲ ಅಳತೆಯಿಂದ ನಮಗೇನು ಫಲವೆಂದು ತಾವು ಕೇಳಬಹುದು. ಭೂಮಿ ಬಿಸಿಯಾಗುತ್ತಿದೆ, ಮಳೆಯ ನಡತೆ ಕೆಡುತ್ತಿದೆ. ಇದು ಸೂರ್ಯನ ಕೆಲಸವೇ, ನಮ್ಮದೇ ಎಂಬುದನ್ನು ಈ ವಹಿ ತೆರೆದಲ್ಲದೆ ತೀರ್ಮಾನಿಸುವಂತಿಲ್ಲ. ಸೂರ್ಯನ ಶೇಕಡಾ 0.1ರ ಏರಿಳಿತವನ್ನು ಇಡೀ ಭೂಗೋಲದ ಮೇಲೆ ಹರಡಿ, ಪ್ರತಿಫಲಿಸಿ ಹೋಗುವುದನ್ನು ಕಳೆದರೆ, ಚದರ ಮೀಟರಿಗೆ ಕಾಲು ವ್ಯಾಟಿನಷ್ಟಾಗುತ್ತದೆ. ನಾವು ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು, ಕಾಡು ಕಡಿದು ಗಾಳಿಗೆ ಸೇರಿಸಿದ ಇಂಗಾಲಾಮ್ಲದಿಂದ ಉಳಿಯುವ ಶಾಖ ಎರಡು ವ್ಯಾಟಿಗೂ ಹೆಚ್ಚು. ನಾಲ್ಕು ದಶಕಗಳಿಗೂ ಮಿಕ್ಕ ಉಪಗ್ರಹಗಳ ವಹಿಯಲ್ಲಿ, ಭೂಮಿಯ ತಾಪವನ್ನು ಏರಿಸಬಲ್ಲಂಥ ಸೂರ್ಯನ ಏರಿಕೆ ಕಂಡುಬಂದಿಲ್ಲ. ಸೂರ್ಯನೇ ಕಾರಣನಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗಿದೆ. ತಪ್ಪನ್ನು ಸೂರ್ಯನ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಾನೂ ಒಮ್ಮೆ ನನ್ನ ಡಬ್ಬಿಯ ದೋಷವನ್ನು ಆತನ ಮೇಲೆ ಹೊರಿಸಿದವನಾದ್ದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗೆ ಕೊಂಚ ಇದೆಯೆಂದು ಭಾವಿಸುತ್ತೇನೆ.

ಕೊನೆಯದಾಗಿ ಆ ಹುಡುಗನ ಮಾತು. ನಾನು ನಿವೃತ್ತನಾಗುವ ದಿನ ಬೀಳ್ಕೊಡುಗೆಯ ಸಭೆಯಲ್ಲಿ ಎರಡು ಡಬ್ಬಿಗಳನ್ನೂ ಮೇಜಿನ ಮೇಲಿಟ್ಟು, ನಡೆದುದೆಲ್ಲವನ್ನೂ ಮಕ್ಕಳಿಗೆ ಹೇಳಿದೆನು. ಎಲ್ಲರೂ ಕೇಳಿದರು, ಕೇಳಬೇಕಾದವನೊಬ್ಬನು ಅಲ್ಲಿರಲಿಲ್ಲ. ಅವನು ಮುಂದೆ ಏನು ಓದಿದನೋ, ಯಾವ ಊರಿನಲ್ಲಿ ಸಂಸಾರ ಹೂಡಿದನೋ ನನಗೆ ತಿಳಿಯದು. ಅಂದು ಗದರಿಸಿಕೊಂಡ ಮೇಲೆ ಬೇರೆ ಯಾವ ಗುರುವಿಗೂ ಪ್ರಶ್ನೆ ಕೇಳದೆ ಉಳಿದನೇನೋ ಎಂಬ ಯೋಚನೆ ಇಂದಿಗೂ ರಾತ್ರಿ ನನ್ನನ್ನು ಎಚ್ಚರಗೊಳಿಸುವುದುಂಟು. ಶ್ರೀಮಠದ ಅನ್ನವುಂಡವರ ಮನೆಗಳಿಗೆ ಈ ಪತ್ರಿಕೆ ಹೋಗುತ್ತದೆಂಬ ಧೈರ್ಯದಿಂದ ಇದನ್ನು ಇಲ್ಲಿ ಬರೆದಿದ್ದೇನೆ. ತಮ್ಮಾ, ನೀನು ಇದನ್ನು ಓದುತ್ತಿದ್ದರೆ ಕೇಳು: ಬಿಸಿಲು ಕಡಿಮೆಯಾಗಿರಲಿಲ್ಲ. ಡಬ್ಬಿಯೇ ಬಿಸಿಲು ಕುಡಿಯುವುದನ್ನು ಬಿಟ್ಟಿತ್ತು. ನಿನ್ನ ಮಾತು ಸರಿಯಾಗಿತ್ತು.